ಅರ್ಧ ಹಾಳೆ ಕೇಳುವ ಚನಮಲ್ಲಪ್ಪ

ಕಾಂಚನಾ ಚನಮಲ್ಲಪ್ಪನನ್ನು ಮೊದಲು ಕಂಡದ್ದು ಆಷಾಢದ ಒಂದು ಸೋಮವಾರ. ಅಂದು ಅವಳು ಊರಿನವರ ಕಣ್ಣು ತಪ್ಪಿಸಿ ಜಮಖಂಡಿಗೆ ಬಂದಿದ್ದಳು. ಅವಳೂರು ಬನಹಟ್ಟಿಯಲ್ಲಿ ಟೈಪು ಮಾಡಿಕೊಡುವ ಅಂಗಡಿಗಳಿಗೆ ಬರವಿರಲಿಲ್ಲ. ಆದರೆ ಅಲ್ಲಿ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಒಳಗಿದ್ದವರು ಅವಳ ಶಾಲೆಯ ಹಳೆಯ ವಿದ್ಯಾರ್ಥಿಗಳು, ಇಲ್ಲವೇ ಅವರ ತಂದೆತಾಯಿಗಳು. ಪಕ್ಕದ ಚಿಮ್ಮಡದ ಪ್ರೌಢಶಾಲೆಯಲ್ಲಿ ಹನ್ನೆರಡು ವರ್ಷ ಕಲಿಸಿದವಳಿಗೆ ಆ ಕಡೆ ಗುರುತಿಲ್ಲದ ಮುಖವೇ ಇರಲಿಲ್ಲ. ಆದ್ದರಿಂದ ಅರ್ಧ ದಿನ ರಜೆ ಹಾಕಿ, ತಲೆಯ ಮೇಲೆ ಸೆರಗು ಹೊದ್ದು ಬಸ್ಸು ಹತ್ತಿದ್ದಳು.

ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿ. ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಬಂದವರು ಕೂಡಲು ಗೋಡೆಗೆ ಆನಿಸಿದ ಉದ್ದನೆಯ ಬಾಕು, ಮೂಲೆಯಲ್ಲಿ ಬಟ್ಟೆ ಮುಚ್ಚಿದ ಹಳೆಯ ಟೈಪ್‌ರೈಟರು. ಅರವತ್ತರ ಹತ್ತಿರದ ಒಬ್ಬ ಮನುಷ್ಯ ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತಿದ್ದ.

"ಒಂದ ಅರ್ಜಿ ಟೈಪ್ ಮಾಡೂದೈತ್ರಿ."

"ಕುಂದರ್ರಿ ತಂಗಿ. ಹೇಳ್ರಿ."

ಕಾಂಚನಾ ಕೂಡಲಿಲ್ಲ. ಬಾಗಿಲ ಕಡೆ ಒಂದು ಕಣ್ಣಿಟ್ಟು ನಿಂತೇ ಹೇಳತೊಡಗಿದಳು. ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ಚನಮಲ್ಲಪ್ಪ ಹತ್ತೂ ಬೆರಳುಗಳಿಂದ, ಕೀಲಿಗಳನ್ನು ನೋಡದೆಯೇ ಬಡಿಯುತ್ತಿದ್ದ. "ನಾನು ತಮ್ಮ ವಿಶ್ವವಿದ್ಯಾಲಯದ ದೂರಶಿಕ್ಷಣ ವಿಭಾಗದಲ್ಲಿ ಪಿಎಚ್.ಡಿ. ಅಧ್ಯಯನಕ್ಕೆ ನೋಂದಾಯಿಸಿಕೊಂಡಿದ್ದು, ಸದರಿ ನೋಂದಣಿಯನ್ನು..." ಎಂಬಲ್ಲಿಗೆ ಬೆರಳುಗಳು ನಿಂತವು.

"ರದ್ದ ಮಾಡಬೇಕಂತ ವಿನಂತಿ. ಹೌದಲ್ಲ?"

"ಹೂಂನ್ರಿ."

"ಕಾರಣ ಏನ್ ಹಾಕ್ಲಿ?"

"ವೈಯಕ್ತಿಕ ಅಂತ ಹಾಕ್ರಿ."

ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. "ಇಂಥಾ ಅರ್ಜಿ ಇದು ಹನ್ನೆರಡನೇದವಾ. ಹನ್ನೊಂದರಾಗೂ ವೈಯಕ್ತಿಕ ಅಂತನ ಹಾಕೀನಿ. ಎಲ್ಲಾರಿಗೂ ಒಂದ ಕಾರಣ ಹ್ಯಾಂಗ ಇರತೈತಿ?"

ಕಾಂಚನಾಗೆ ಸಿಟ್ಟು ಬಂತು. ಅಂಜಿದವರಿಗೆ ಬೇಗ ಬರುವುದೇ ಸಿಟ್ಟು. "ನೀವು ಟೈಪ್ ಮಾಡವ್ರೋ, ವಕೀಲ್ರೋ?"

"ವಕೀಲ ಆಗಿದ್ರ ಈ ಓಣ್ಯಾಗ ಯಾಕ ಕುಂದರ್ತಿದ್ನಿ?" ಎಂದು ಅವನು ನಕ್ಕ. "ಟೈಪ್ ಮಾಡವನ ಅದೀನಿ. ಅಕ್ಷರ ತಪ್ಪಿದ್ರ ತಿದ್ದಾಕ ಬರತೈತಿ. ಈ ಅರ್ಜಿ ಒಮ್ಮೆ ಹೋತಂದ್ರ ತಿದ್ದಾಕ ಬರಂಗಿಲ್ಲ. ಅದಕ್ಕ ಕೇಳಿದ್ನಿ."

ಆಗ ಅವಳು ಬಾಕಿನ ಮೇಲೆ ಕುಳಿತಳು. ಚೀಲದಿಂದ ಎಂಟು ಮಡಿಕೆಯಾಗಿದ್ದ ಒಂದು ಕಾಗದವನ್ನು ತೆಗೆದು ಅವನ ಮುಂದಿಟ್ಟಳು.

ಅದು ವಿಶ್ವವಿದ್ಯಾಲಯದ ನೋಟಿಸು. ಎರಡು ವರ್ಷಗಳಿಂದ ಯಾವ ಪ್ರಗತಿ ವರದಿಯೂ ಬಂದಿಲ್ಲ. ಇಪ್ಪತ್ತೊಂದು ದಿನಗಳೊಳಗೆ ಮಾರ್ಗದರ್ಶಕರ ಸಹಿಯಿರುವ ವರದಿಯನ್ನೂ ಕನಿಷ್ಠ ಎರಡು ಅಧ್ಯಾಯಗಳ ಕರಡನ್ನೂ ಸಲ್ಲಿಸದಿದ್ದರೆ ನೋಂದಣಿ ತಾನಾಗಿಯೇ ರದ್ದಾಗುತ್ತದೆ ಎಂದಿತ್ತು. ಹನ್ನೆರಡು ದಿನಗಳು ಆಗಲೇ ಕಳೆದಿದ್ದವು. ಅಷ್ಟೂ ದಿನ ಆ ಕಾಗದ ಟ್ರಂಕಿನ ತಳದಲ್ಲಿ, ಹಳೆಯ ಸೀರೆಯೊಂದರ ಒಳಗಿತ್ತು.

ಅದು ಬಂದ ದಿನವನ್ನು ಕಾಂಚನಾ ಇಂದಿಗೂ ಮರೆತಿಲ್ಲ. ಅಂಚೆಯ ಕರೆಪ್ಪ ಬಾಗಿಲಲ್ಲಿ ನಿಂತು, "ಇಂದ್ರವ್ವಾ, ಯುನಿವರ್ಸಿಟಿಯಿಂದ ಮಗಳ ಹೆಸರೀಗೆ ರಿಜಿಸ್ಟರ್ ಬಂದೈತಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಓದು ಬಾರದ ತಾಯಿ ಇಂದ್ರವ್ವ ಅದು ಶುಭವಾರ್ತೆಯೇ ಎಂದು ಎಣಿಸಿ, ಒಳಗೋಡಿ ಹೋಗಿ ಸಕ್ಕರೆಯ ಡಬ್ಬಿ ತಂದು ಅವನ ಕೈತುಂಬ ಸಕ್ಕರೆ ಸುರಿದಿದ್ದಳು. ಆ ಸಕ್ಕರೆಯನ್ನು ಕರೆಪ್ಪ ಬಾಯಿಗೆ ಹಾಕಿಕೊಳ್ಳುವಾಗಲೇ ಕಾಂಚನಾ ನೋಟಿಸನ್ನು ಓದಿದ್ದಳು. ಇನ್ನು ಆ ತಾಯಿಗೆ ಏನೆಂದು ಹೇಳುವುದು?

"ಅಧ್ಯಾಯ ಬರದಿಲ್ಲೇನ್ರಿ?" ಎಂದು ಚನಮಲ್ಲಪ್ಪ ಕೇಳಿದ.

"ನಾಕು ಬರದೀನ್ರಿ."

"ನಾಕು! ಅವ್ರು ಎರಡ ಕೇಳ್ಯಾರ. ಮತ್ತೇನ್ ತ್ರಾಸು?"

"ಯಾವೂ ಮುಗದಿಲ್ರಿ. ಮುಗೀಲಾರದ್ದನ್ನ ಹ್ಯಾಂಗ ಕಳಸೂದು?"

ಚನಮಲ್ಲಪ್ಪ ಈ ಮಾತನ್ನು ಮೊದಲೂ ಕೇಳಿದವನಂತೆ ತಲೆಯಾಡಿಸಿದ. "ನಿಮ್ಮದು ಮಗ್ಗದ ಮನೀನ?" ಎಂದ.

ಮಗ್ಗದ ಮನೆಯೇ. ತಂದೆ ಬಸಗೊಂಡಪ್ಪ ಬನಹಟ್ಟಿಯಲ್ಲಿ ನಲವತ್ತು ವರ್ಷ ಕೈಮಗ್ಗದ ಮೇಲೆ ಸೀರೆ ನೇಯ್ದವನು. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಅರ್ಧ ನೇಯ್ದ ಸೀರೆಯನ್ನು ಸಾವಕಾರನಿಗೆ ತೋರಿಸಬಾರದು. ಸಾವಕಾರನ ಮನುಷ್ಯ ಓಣಿಯ ತುದಿಯಲ್ಲಿ ಕಂಡನೆಂದರೆ ಬಸಗೊಂಡಪ್ಪ ಮಗ್ಗದ ಮೇಲೆ ಧೋತರ ಹೊದಿಸಿಬಿಡುತ್ತಿದ್ದ. "ಅರ್ಧಾ ನೋಡಿದವ ತಪ್ಪ ನೋಡತಾನ, ಪೂರಾ ನೋಡಿದವ ಸೀರಿ ನೋಡತಾನ" ಎಂಬುದು ಅವನ ಮಾತು. ಆ ಧೋತರವನ್ನು ಓಡಿಹೋಗಿ ತಂದುಕೊಡುವ ಕೆಲಸ ಚಿಕ್ಕಂದಿನಿಂದ ಕಾಂಚನಾಳದಾಗಿತ್ತು. ತಂದೆ ತೀರಿಹೋದ ಮೇಲೂ ಆ ಧೋತರ ಅವಳ ಕೈಯಲ್ಲೇ ಉಳಿಯಿತು.

ನೇಕಾರ ಮನೆಗಳ ಹೆಂಗಸರ ದುಡಿಮೆಯ ಮೇಲೆ ಅವಳ ಅಧ್ಯಯನ. ಮಾರ್ಗದರ್ಶಕರಾದ ಡಾ. ಮಲ್ಲಿನಾಥರು ಇದ್ದದ್ದು ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಊರಿನಲ್ಲಿ. ಅವಳು ಅವರನ್ನು ಕಂಡದ್ದು ಎರಡೇ ಸಲ. "ಬರೆದಷ್ಟನ್ನು ಕಳುಹಿಸಿ" ಎಂದು ಅವರು ಬರೆದಾಗಲೆಲ್ಲ, "ಕೆಲಸ ನಡೆದಿದೆ ಸರ್, ಮುಗಿದ ಕೂಡಲೇ ಕಳುಹಿಸುತ್ತೇನೆ" ಎಂದು ಉತ್ತರಿಸುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ. ಆದರೆ ತಿಂಗಳು ಕಳೆದಂತೆ ಅದನ್ನೇ ಮತ್ತೆ ಬರೆಯಲು ನಾಚಿಕೆಯಾಯಿತು. ನಾಚಿಕೆ ಅಂಜಿಕೆಯಾಯಿತು. ಅವರ ಇಮೇಲ್ ಪತ್ರ ಬಂದರೆ ತೆರೆಯುವುದನ್ನು ಬಿಟ್ಟಳು. ಅವರ ಹೆಸರು ಫೋನಿನಲ್ಲಿ ಮೂಡಿದರೆ ಅದನ್ನು ಬೋರಲು ಹಾಕಿ, ಅದು ಸುಮ್ಮನಾಗುವವರೆಗೆ ಉಸಿರು ಹಿಡಿದು ನಿಲ್ಲುತ್ತಿದ್ದಳು.

ಚನಮಲ್ಲಪ್ಪ ಇದನ್ನೆಲ್ಲ ಕೇಳಿದ. ಬುದ್ಧಿ ಹೇಳಲಿಲ್ಲ. "ಈ ಅರ್ಜಿ ಇಲ್ಲೇ ಇರ್ಲಿ. ಇನ್ನೂ ಒಂಬತ್ತ ದಿನ ಅದಾವ. ಯಾವಾಗ ಬೇಕಾದ್ರೂ ಬಂದ ಒಯ್ರಿ. ನಾಳೆ ಆ ಅಧ್ಯಾಯ ತಗೊಂಡ ಬರ್ರಿ, ನಾ ಟೈಪ್ ಮಾಡತೇನಿ. ನನಗ ನಿಮ್ಮ ವಿಷಯ ತಿಳಿಯಾಂಗಿಲ್ಲ, ಹೆದರಬ್ಯಾಡ್ರಿ" ಎಂದ.

ಮರುದಿನ ಕಾಂಚನಾ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಶಾಲೆಯಲ್ಲಿ ಕರಿಹಲಗೆಯ ಮೇಲೆ ದಿನಾಂಕ ಬರೆಯುವಾಗಲೆಲ್ಲ ಉಳಿದ ದಿನಗಳನ್ನು ಎಣಿಸುತ್ತಿದ್ದಳು. ಒಂಬತ್ತು ಎಂಟಾಯಿತು, ಎಂಟು ಏಳಾಯಿತು.

ಶುಕ್ರವಾರ ಶಾಲೆಯಿಂದ ಮನೆಗೆ ಬಂದರೆ ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿ. ಒಳಗೆ ಇಂದ್ರವ್ವನ ಎದುರಿಗೆ, ಮಗ್ಗದ ಕಟ್ಟೆಯ ಮೇಲೆ, ಚಹದ ಕಪ್ಪು ಹಿಡಿದುಕೊಂಡು ಚನಮಲ್ಲಪ್ಪ ಕುಳಿತಿದ್ದ. ಅರ್ಜಿಯ ಮೇಲೆ ಅವಳೇ ಬರೆಸಿದ್ದ ವಿಳಾಸ ಹಿಡಿದು ಬಂದುಬಿಟ್ಟಿದ್ದ. ಕಾಂಚನಾ ಹೊಸ್ತಿಲಲ್ಲೇ ನಿಂತಳು. ಎಲ್ಲ ಹೇಳಿಬಿಟ್ಟನೇ?

ಅವನು ಏನೂ ಹೇಳಿರಲಿಲ್ಲ. ಅವನೂ ಬನಹಟ್ಟಿಯ ಮಗ್ಗದ ಮನೆಯಲ್ಲೇ ಹುಟ್ಟಿದವನು. ಹದಿನಾರರಲ್ಲಿ ಟೈಪಿಂಗ್ ಕಲಿತು ಜಮಖಂಡಿ ಸೇರಿದವನು. ಹಳೆಯ ಓಣಿ, ಹಳೆಯ ಹೆಸರುಗಳು ಎಂದು ಇಂದ್ರವ್ವನೊಡನೆ ಹರಟುತ್ತಿದ್ದ. ಇಂದ್ರವ್ವನ ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಗಂಡ ತೀರಿದ ಮೇಲೆ ಅವಳೇ ನೇಯುತ್ತಿದ್ದ ಮಗ್ಗದಲ್ಲಿ ಅಂದು ಹಳೆಯ ಹಾಸು ಮುಗಿದಿತ್ತು. ಉದ್ದೆಳೆಗಳ ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗಳನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲೇ ಉಳಿಸಿ, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಗಳು, ಒಂದನ್ನೂ ಬಿಡುವಂತಿಲ್ಲ. ಇಂದ್ರವ್ವ ಬೆರಳಿಗೆ ಬೂದಿ ಹಚ್ಚಿಕೊಂಡು ಕೆಚ್ಚುವುದರಲ್ಲಿ ಓಣಿಗೇ ಹೆಸರಾದವಳು. ತನ್ನ ಮನೆಯಷ್ಟೇ ಅಲ್ಲ, ನಾಲ್ಕು ಓಣಿಗಳ ಮಗ್ಗಗಳಿಗೆ ಅವಳೇ ಹೋಗಿ ಕೆಚ್ಚಿಕೊಡುತ್ತಿದ್ದಳು.

"ಇಂದ್ರವ್ವಾ," ಎಂದ ಚನಮಲ್ಲಪ್ಪ, ಕಾಂಚನಾಳ ಕಡೆ ನೋಡದೆ. "ಬಸಗೊಂಡಪ್ಪಣ್ಣ ಅರ್ಧಾ ಸೀರಿ ಯಾರಿಗೂ ತೋರಸ್ತಿರ್ಲಿಲ್ಲಂತ. ಖರೆ ಏನ?"

"ಖರೆನ ಐತಿ. ದೇವರ ಬಂದ್ರೂ ತೋರಸ್ತಿರ್ಲಿಲ್ಲ."

"ಮತ್ತ ನಿನಗ?"

ಇಂದ್ರವ್ವ ತಲೆಯೆತ್ತಿ ನಕ್ಕಳು. "ನಾ ಕೆಚ್ಚಾಕಿ ಅದೀನೋ ಮಾರಾಯಾ! ಹರದದ್ದು, ಗಂಟಾದದ್ದು ನನಗ ತೋರಸ್ಲಿಲ್ಲಂದ್ರ ನಾ ಏನ ಕೂಡಸ್ಲಿ? ಧೋತರ ತಗದ ಬಯಲ ಮಗ್ಗ ನೋಡಾಕಿ ನಾನ. ಸಾವಕಾರಗ ಸೀರಿ, ಕೆಚ್ಚಾಕಿಗೆ ಎಳಿ."

ಇಂದ್ರವ್ವ ಬೂದಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮಗಳನ್ನೇ ನೋಡಿದಳು. ಆಕೆಯ ದನಿ ಇಳಿಯಿತು.

"ಕರೆಪ್ಪಗ ಸಕ್ಕರಿ ಕೊಟ್ಟ ದಿನಾನ ನಿನ್ನ ಮಾರಿ ನೋಡಿ ನನಗ ತಿಳೀತು, ಅದು ಛಲೋ ಸುದ್ದಿ ಅಲ್ಲಂತ. ನೀನಾ ಹೇಳ್ಲಿ ಅಂತ ಸುಮ್ಮನಿದ್ನಿ. ಕೇಳಾಕ ನನಗೂ ಅಂಜಿಕಿ ಆಗಿತ್ತವಾ. ಏನ್ ಬರದಾರ ಅದರಾಗ?"

ಕಾಂಚನಾ ಗೋಡೆಗೆ ಒರಗಿ ಕುಳಿತು ಎಲ್ಲವನ್ನೂ ಹೇಳಿದಳು. ಹೇಳುವಾಗ ತಾಯಿಯ ಮುಖವನ್ನು ನೋಡಲಾಗಲಿಲ್ಲ. ಹಣಿಗೆಯಿಂದ ಇಳಿಬಿದ್ದ ಹಳೆಯ ಎಳೆಗಳನ್ನೇ ನೋಡುತ್ತಿದ್ದಳು.

"ಆ ಸರ್ ಸೀರಿ ಕೊಳ್ಳಾವ್ರೋ, ಕೆಚ್ಚವ್ರೋ?" ಎಂದು ಇಂದ್ರವ್ವ ಕೇಳಿದಳು.

ಕಾಂಚನಾ ಎದ್ದು ಒಳಗೆ ಹೋಗಿ ಟ್ರಂಕು ತೆಗೆದಳು. ನಾಲ್ಕು ನೋಟುಬುಕ್ಕುಗಳು, ನಾಲ್ಕಕ್ಕೂ ಬಟ್ಟೆಯ ಹೊದಿಕೆ. ಹೊರಗೆ ಬಂದು ಅವನ್ನು ಚನಮಲ್ಲಪ್ಪನ ಕೈಗೆ ಕೊಟ್ಟಳು. ಕೂಸನ್ನು ಗುರುತಿಲ್ಲದವರ ಕೈಗೆ ಕೊಟ್ಟಂತಾಯಿತು.

ಬಸ್ಸಿನವರೆಗೆ ಕಳಿಸಲು ಹೋದಾಗ ಅವಳು ಕೇಳಿದಳು: "ನಿಮಗ್ಯಾಕ್ರಿ ಮಾಮಾ, ನನ್ನ ಸಲುವಾಗಿ ಇಷ್ಟ ತ್ರಾಸು?"

ಅವನು ಬಸ್ಸಿನ ದಾರಿ ನೋಡುತ್ತ ನಿಂತ. "ಬೀಳಗಿಯ ಐಶ್ವರ್ಯ ಅಂತ ಒಬ್ಬಾಕಿ ಇದ್ಲು. ಹಿಂಗ ದೂರಿಂದ ಓದಾಕಿ. ಇಂಥಾ ಅರ್ಜಿ ಬರಸಾಕ ಬಂದ ಮೊದಲನೇದಾಕಿ ಆಕೀನ. ನಾ ಐದ ಮಿನಿಟಿನ್ಯಾಗ ಬಡದ ಕೊಟ್ಟ್ನಿ. ಒಂದ ಅಕ್ಷರ ತಪ್ಪಿರ್ಲಿಲ್ಲ. ಮೂರ ವರ್ಷ ಆದ ಮ್ಯಾಲೆ ಬಸ್ಸಿನ್ಯಾಗ ಸಿಕ್ಕಳು. 'ಮಾಮಾ, ಅವತ್ತ ಯಾಕವಾ ಅಂತ ಯಾರರೆ ಒಂದ ಮಾತ ಕೇಳಿದ್ರ ನಾ ಹರದ ಒಗೀತಿದ್ದೆ' ಅಂದ್ಲು. ನಕ್ಕೋತನ ಅಂದ್ಲು. ಆ ನಗಿ ನನಗ ಇನ್ನೂ ಬಿಟ್ಟಿಲ್ಲ."

ಆಮೇಲೆ ಅವನು ಬಂದವರಿಗೆಲ್ಲ ಕೇಳತೊಡಗಿದ. ಕಾಲೇಜಿನಲ್ಲಿ ಇದ್ದು ಓದುವವರಿಗೆ ಗೆಳೆಯರಿರುತ್ತಾರೆ, ಗ್ರಂಥಾಲಯದ ಕಟ್ಟೆಯಿರುತ್ತದೆ, ಎದುರು ಸಿಕ್ಕಾಗ "ಎಲ್ಲೀವರೆಗೆ ಬಂತು?" ಎನ್ನುವ ಗುರುಗಳಿರುತ್ತಾರೆ. ಹುನ್ನೂರಲ್ಲೋ ಮುಧೋಳದಲ್ಲೋ ಕೆಲಸ ಮಾಡುತ್ತ, ದೂರದ ವಿಶ್ವವಿದ್ಯಾಲಯಕ್ಕೆ ಓದುವವರಿಗೆ ಯಾರಿದ್ದಾರೆ? ಟೈಪಿನ ಅಂಗಡಿಯೇ ಅವರ ಕಟ್ಟೆ. ಅದಕ್ಕಾಗಿಯೇ ಆ ಉದ್ದನೆಯ ಬಾಕು. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಪಕ್ಕದಲ್ಲಿ ಯಾರ ವರದಿ ಯಾವತ್ತು, ಯಾರ ಶುಲ್ಕ ಯಾವತ್ತು ಎಂಬುದನ್ನು ಅವನು ಕೆಂಪು ಮಸಿಯಲ್ಲಿ ಬರೆದಿಡುತ್ತಿದ್ದ. ರವಿವಾರ ಬೆಳಿಗ್ಗೆ ಬಂದವರು ಅರ್ಧ ಬರೆದ ಒಂದು ಹಾಳೆಯನ್ನಾದರೂ ತಂದು ಓದಬೇಕು. ಮುಗಿದ ಹಾಳೆ ತಂದವರಿಗೆ ಚಹ ಇಲ್ಲ ಎಂಬುದು ಅವನ ಚೇಷ್ಟೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾಂಚನಾ ಅಂಗಡಿಗೆ ಹೋದಳು. ಚನಮಲ್ಲಪ್ಪ ಆಗಲೇ ಒಂದು ಅಧ್ಯಾಯ ಮುಗಿಸಿ ಎರಡನೆಯದಕ್ಕೆ ಕೈ ಹಚ್ಚಿದ್ದ. "ಇಲ್ಲಿ ನೋಡ್ರಿ, ಈ ವಾಕ್ಯ ಶುರು ಆಗೇತಿ, ಆದ್ರ ಎಲ್ಲೂ ಮುಗದಿಲ್ಲ. ಹೊಳಿ ಹರದಂಗ ಹರಿದೈತಿ" ಎಂದು ತೋರಿಸಿದ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಅವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ್ದ.

"ಸರ್ ಬರದ ಪತ್ರ ತಗೀರಿ. ನಾ ಇಲ್ಲೇ ಇರ್ತೀನಿ."

ತೆರೆಯದ ಪತ್ರಗಳು ಹದಿನಾಲ್ಕಿದ್ದವು. ಕಾಂಚನಾ ಒಂದೊಂದಾಗಿ ತೆರೆದಳು. ಮೊದಲಿನವು ಉದ್ದ: ಯಾವ ಪುಸ್ತಕ ನೋಡಬೇಕು, ಹೆಂಗಸರನ್ನು ಮಾತಾಡಿಸುವಾಗ ಏನು ಕೇಳಬೇಕು. ನಡುವಿನವು ಎರಡೆರಡು ಸಾಲು. ಒಂದರಲ್ಲಿ ಬೇಸರವಿತ್ತು. ಅದನ್ನು ಓದುವಾಗ ಎದ್ದು ಹೋಗಿಬಿಡಬೇಕೆನಿಸಿತು. ಬಾಗಿಲ ಬಳಿ ಚನಮಲ್ಲಪ್ಪ ಝೆರಾಕ್ಸಿನ ಕಾಗದ ಎಣಿಸುತ್ತ ದಾರಿಗಡ್ಡ ನಿಂತಿದ್ದ. ಕಡೆಯ ಪತ್ರ ಮೂರು ತಿಂಗಳ ಹಿಂದಿನದು: "ಕಾಂಚನಾ ಅವರೇ, ಅಧ್ಯಾಯಗಳ ವಿಷಯ ಹಾಗಿರಲಿ. ಮನೆಯಲ್ಲಿ ಎಲ್ಲರೂ ಕ್ಷೇಮವೇ? ಒಂದು ಸಾಲು ಬರೆದರೆ ಸಾಕು."

ಆ ಒಂದು ಸಾಲಿಗೆ ಅವರು ಮೂರು ತಿಂಗಳು ಕಾದಿದ್ದರು. ಕಾಂಚನಾ ಸೆರಗಿನಿಂದ ಮುಖ ಒರೆಸಿಕೊಂಡಳು.

ರವಿವಾರ ಸಂಜೆಯ ಹೊತ್ತಿಗೆ ವರದಿಯೂ ಎರಡು ಅಧ್ಯಾಯಗಳೂ ಸಿದ್ಧವಾದವು. ಸಿದ್ಧವೆಂದರೆ, ಇದ್ದಷ್ಟು. ಎರಡನೆಯ ಅಧ್ಯಾಯ ಒಂದು ಪುಟದ ನಡುವಿನಲ್ಲೇ ನಿಂತುಬಿಟ್ಟಿತ್ತು. "ಇನ್ನೆರಡ ದಿನ ಕೊಡ್ರಿ ಮಾಮಾ, ಇದೊಂದನ್ನ ಮುಗಸ್ತೀನಿ" ಎಂದು ಅವಳು ಬೇಡಿಕೊಂಡಳು.

"ಮತ್ತ ಧೋತರ ಹೊದಸಾಕತ್ತಿ ನೋಡು."

ಅವಳು ಕಣ್ಣು ಮುಚ್ಚಿ, ಮಲ್ಲಿನಾಥರಿಗೆ ಕಳುಹಿಸುವ ಗುಂಡಿ ಒತ್ತಿದಳು.

ಅದರ ಮರುದಿನ ಅವಳ ಬಾಳಿನಲ್ಲಿಯೇ ಉದ್ದನೆಯ ದಿನ. ಬುಧವಾರಕ್ಕೆ ಗಡುವು. ಸೋಮವಾರ ಶಾಲೆಯಿಂದ ನೇರವಾಗಿ ಅಂಗಡಿಗೆ ಬಂದು ಬಾಕಿನ ಮೇಲೆ ಕುಳಿತಳು. ಉತ್ತರವಿಲ್ಲ. ಎರಡು ವರ್ಷ ಸುಮ್ಮನಿದ್ದವಳಿಗೆ ಅವರೇಕೆ ಒಂದು ದಿನದಲ್ಲಿ ಉತ್ತರಿಸಬೇಕು? ಓಣಿಯಲ್ಲಿ ಯಾರದೋ ಫೋನು ಗುಣುಗಿದರೂ ತನ್ನದನ್ನು ಎತ್ತಿ ನೋಡುತ್ತಿದ್ದಳು. ಕಡೆಗೆ ಅವಳದೇ ಫೋನು ಗುಣುಗಿತು. ಪರದೆಯ ಮೇಲೆ ಮಲ್ಲಿನಾಥ ಸರ್ ಎಂದಿತ್ತು.

"ನೀವ ಮಾತಾಡ್ರಿ ಮಾಮಾ. ನಾ ಇಲ್ಲಂತ ಹೇಳ್ರಿ!"

ಚನಮಲ್ಲಪ್ಪ ಫೋನನ್ನು ಎತ್ತಲಿಲ್ಲ. ಅವಳು ಬೋರಲು ಹಾಕಿದ್ದನ್ನು ಒಂದು ಬೆರಳಿನಿಂದ ಮೊಗಚಿಟ್ಟು ಕೈ ಹಿಂತೆಗೆದುಕೊಂಡ. "ಅವ್ರು ಕೆಚ್ಚಾಕ ಬಂದಾರವಾ. ಬಾಗಿಲಾ ತಗಿ" ಎಂದ. ಮೊದಲ ಸಲ ಅವಳನ್ನು ಏಕವಚನದಲ್ಲಿ, ಮನೆಯ ಮಗಳಂತೆ ಕರೆದದ್ದು ಹಿಂದಿನ ಸಂಜೆ. ಈಗ ಅದೇ ಅವಳಿಗೆ ಆಸರೆಯಾಯಿತು. ಇನ್ನೇನು ಗಂಟೆ ನಿಲ್ಲುತ್ತದೆ ಎನ್ನುವಾಗ ಎತ್ತಿಕೊಂಡಳು.

ಅತ್ತ ಕಡೆಯಿಂದ ಮಲ್ಲಿನಾಥರು ಬೈಯಲಿಲ್ಲ, ಸಮಾಧಾನ ಹೇಳಲೂ ಇಲ್ಲ. "ಮೊದಲ ಅಧ್ಯಾಯದ ಅರ್ಧದಷ್ಟು ಬೇಡ, ತೆಗೆಯಿರಿ. ಎರಡನೆಯದು ನಿಂತ ಜಾಗದಲ್ಲೇ ನಿಮ್ಮ ನಿಜವಾದ ವಿಷಯ ಇದೆ. ನಿಮ್ಮ ತಾಯಿಯಂಥವರು ಕೆಚ್ಚುವ ಕೆಲಸವನ್ನು ಯಾವ ಲೆಕ್ಕದಲ್ಲೂ ಯಾರೂ ಬರೆದಿಲ್ಲ. ಇದನ್ನು ಒಂದು ವರ್ಷದ ಹಿಂದೆಯೇ ತೋರಿಸಿದ್ದರೆ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತು. ವರದಿಗೆ ನಾಳೆ ಸಹಿ ಹಾಕಿ ನಾನೇ ಕೊಡುತ್ತೇನೆ. ಆದರೆ ನೋಂದಣಿ ಉಳಿಸುವುದು ಬಿಡುವುದು ಸಮಿತಿಗೆ ಬಿಟ್ಟದ್ದು. ನಾನು ಮಾತು ಕೊಡಲಾರೆ" ಎಂದರು.

ಸಮಿತಿಯ ತೀರ್ಮಾನಕ್ಕೆ ನಲವತ್ತು ದಿನ ಹಿಡಿಯಿತು. ಕರೆಪ್ಪನ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ತಾಯಿಮಗಳಿಬ್ಬರೂ ಕೈಕೆಲಸ ನಿಲ್ಲಿಸುತ್ತಿದ್ದರು. ಕಡೆಗೆ ಅವನು ಬಂದು ಲಕೋಟೆ ಕೊಟ್ಟು, ಸಕ್ಕರೆಗಾಗಿ ಕೈ ಚಾಚಿ ನಿಂತ. "ತಡಿಯೋ ತಮ್ಮಾ, ಈ ಸಲ ಓದಿದ ಮ್ಯಾಲೆ" ಎಂದಳು ಇಂದ್ರವ್ವ. ಒಂದು ವರ್ಷದ ಅವಧಿ ಸಿಕ್ಕಿತ್ತು. ಜೊತೆಗೊಂದು ಕರಾರು: ಪ್ರತಿ ತಿಂಗಳೂ ಬರೆದಷ್ಟನ್ನು, ಮುಗಿದಿರಲಿ ಬಿಡಲಿ, ಮಾರ್ಗದರ್ಶಕರಿಗೆ ಕಳುಹಿಸಬೇಕು. ಕರೆಪ್ಪನಿಗೆ ಸಕ್ಕರೆ ಸಿಕ್ಕಿತು.

ಪ್ರತಿ ತಿಂಗಳೂ ಕಳುಹಿಸಿದಳು. ಪ್ರತಿ ತಿಂಗಳೂ ಅಂಜಿಯೇ ಕಳುಹಿಸಿದಳು. ಅಂಜಿಕೆ ಹೋಗಲಿಲ್ಲ, ಅಂಜಿಕೆಯ ಜೊತೆಯಲ್ಲೇ ಗುಂಡಿ ಒತ್ತುವುದು ರೂಢಿಯಾಯಿತು. ಕಳೆದ ಮಾಘದಲ್ಲಿ ಮಹಾಪ್ರಬಂಧ ಸಲ್ಲಿಸಿದ್ದಾಳೆ. ಮೌಖಿಕ ಪರೀಕ್ಷೆಯ ದಿನಾಂಕ ಇನ್ನೂ ಬಂದಿಲ್ಲ. ಆದರೂ ಇಂದ್ರವ್ವ ಓಣಿಯಲ್ಲಿ ಆಗಲೇ ಮಗಳನ್ನು ಡಾಕ್ಟರ್ ಎನ್ನುತ್ತಾಳೆ, ಕೆಲವರು ಕೈ ತೋರಿಸಿ ನಾಡಿ ನೋಡೆನ್ನುತ್ತಾರೆ.

ಚನಮಲ್ಲಪ್ಪನ ಕಣ್ಣುಗಳು ಈಗ ಮಂಜಾಗಿವೆ. ಸಕ್ಕರೆ ಕಾಯಿಲೆ. ಟೈಪಿನ ಕೆಲಸವನ್ನು ಬಹುಮಟ್ಟಿಗೆ ಬಿಟ್ಟಿದ್ದಾನೆ. ರವಿವಾರ ಕಾಂಚನಾ ಬಂದು ಕಂಪ್ಯೂಟರಿನ ಮುಂದೆ ಕೂಡುತ್ತಾಳೆ, ಕ್ಯಾಲೆಂಡರಿನ ಕೆಂಪು ಅಕ್ಷರಗಳನ್ನು ಓದಿ ಹೇಳುತ್ತಾಳೆ. ಅವನು ಬಾಕಿನ ತುದಿಯಲ್ಲಿ ಕುಳಿತು, ಸದ್ದಿಲ್ಲದೆ ಬರುವುದನ್ನು ಬಿಟ್ಟವರಿಗೆ ಫೋನು ಮಾಡುತ್ತಾನೆ.

ಮುಧೋಳದ ಕಲ್ಮೇಶ ಎಂಬವನು ಮೂರು ರವಿವಾರಗಳಿಂದ ಬಂದಿಲ್ಲ. ಕ್ಯಾಲೆಂಡರಿನಲ್ಲಿ ಅವನ ಹೆಸರಿನ ಗಡುವು ಬರುವ ಶುಕ್ರವಾರ. ಫೋನು ಗುಣುಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡಿದರೂ ಎತ್ತುವುದಿಲ್ಲ. ಆ ಕಡೆ ಬೋರಲಾಗಿ ಬಿದ್ದ ಫೋನೂ, ಅದರ ಮುಂದೆ ಉಸಿರು ಹಿಡಿದ ಮನುಷ್ಯನೂ ಕಾಂಚನಾಳ ಕಣ್ಣಿಗೆ ಕಟ್ಟಿದಂತೆ ಕಾಣುತ್ತಾರೆ.

"ಮುಧೋಳದ ಬಸ್ಸು ಎಷ್ಟಕ್ಕೈತಿ ನೋಡವಾ," ಎನ್ನುತ್ತಾನೆ ಚನಮಲ್ಲಪ್ಪ, ಗೋಡೆ ಹಿಡಿದು ಏಳುತ್ತ.

"ಒಬ್ಬರ ಹೋಗಬ್ಯಾಡ್ರಿ ಮಾಮಾ, ನಾನೂ ಬರ್ತೀನಿ," ಎಂದು ಕಾಂಚನಾ ಅಂಗಡಿಯ ಬಾಗಿಲನ್ನು ಅರ್ಧ ಎಳೆಯುತ್ತಾಳೆ.